ಸುಣ್ಣದ ಬಾನಿಯಲ್ಲಿ ಉಳಿದ ನೀರು

ನೀರುಗಂಟಿಯ ಮಗ ನೀರು ಬಿಡಬಹುದು, ನೀರಿನ ಮೇಲೆ ರುಜು ಹಾಕುವುದು ಆಗದ ಮಾತು ಎಂದವರು ನಮ್ಮೂರ ಶಾನುಭೋಗರು. ಅದನ್ನು ಅವರು ಬೈಗುಳವಾಗಿ ಹೇಳಲಿಲ್ಲ. ನಾಳೆ ಮಳೆ ಬರುವುದಿಲ್ಲ ಎನ್ನುವ ಹಾಗೆ, ಎಲೆಅಡಿಕೆ ಜಗಿಯುತ್ತ, ಚಾವಡಿಯ ಕಂಬಕ್ಕೆ ಒರಗಿ ಹೇಳಿದರು. ಗಣಿ ಕಂಪನಿಯ ಕೆಮಿಸ್ಟ್ ದೊರೆ ಅದನ್ನೇ ಇಂಗ್ಲಿಷಿನಲ್ಲಿ, ಇನ್ನೂ ಮರ್ಯಾದೆಯಾಗಿ ಹೇಳಿದರು. ಮೂರನೆಯವನು ನಮ್ಮಪ್ಪ. "ಇದು ನಿನ್ನ ಕೈಲಿ ಆಗಾಕಿಲ್ಲ, ವಾಪಸ್ ಓಗ್ಲಾ" ಅಂದ. ಮೊದಲಿನ ಇಬ್ಬರು ಯಾಕೆ ಹಾಗೆಂದರು ಎಂಬುದು ನನಗೆ ಅಲ್ಲೇ ಗೊತ್ತಿತ್ತು. ಅಪ್ಪ ಯಾಕೆ ಅಂದ ಎಂಬುದು ತಿಳಿಯಲು ಆರು ದಿನ ಹಿಡಿಯಿತು.

ನೀರುಗಂಟಿ ಎಂದರೆ ಕೆರೆಯ ತೂಬು ತೆಗೆದು ಮುಚ್ಚಿ ಗದ್ದೆಗದ್ದೆಗೆ ನೀರು ಹಂಚುವವನು. ನಮ್ಮ ಮನೆಗೆ ಅದು ತಲೆಮಾರುಗಳ ಕೆಲಸ. ನಮ್ಮ ಕೇರಿಯವರು ಊರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಆದರೆ ಊರಿಗೆಲ್ಲ ಅನ್ನ ಕೊಡುವ ಕೆರೆಯ ತೂಬಿನ ಬಿರಡೆ ಎಳೆಯುವ ಕೈ ನಮ್ಮದೇ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಅಪ್ಪ ಹೇಳಿದರೆ ಪಟೇಲರೂ ಎದುರು ಮಾತಾಡುತ್ತಿರಲಿಲ್ಲ.

ಈ ಕೆರೆಯೇ ಪಣಕ್ಕೆ ಬಿದ್ದಿತ್ತು. ಕೆರೆಗೆ ನೀರು ತರುವ ಹಳ್ಳದ ಮೇಲ್ಗಡೆ ಒಂದು ಗಣಿ ಇತ್ತು. ಯಾವುದೆಂದು ಬರೆಯುವುದಿಲ್ಲ, ಆ ಸುತ್ತಿನಲ್ಲಿ ಗಣಿಗಳಿಗೇನೂ ಬರವಿರಲಿಲ್ಲ. ಅದಿರು ಅರೆದು, ಸಯನೈಡು ನೀರಿನಲ್ಲಿ ನೆನೆಸಿ, ಬಂಗಾರ ತೆಗೆದುಕೊಂಡ ಮೇಲೆ ಉಳಿಯುವ ಬೂದು ಕೆಸರನ್ನು ಹಾಕಲು ಅವರಿಗೆ ಜಾಗ ಸಾಲುತ್ತಿರಲಿಲ್ಲ. ಹಳ್ಳವನ್ನೂ ಕೆರೆಯನ್ನೂ ತಮಗೆ ಬಿಟ್ಟುಕೊಡಬೇಕೆಂದು ಸರ್ಕಾರಕ್ಕೆ ಬರೆದುಕೊಂಡಿದ್ದರು. ಅವರ ನಕ್ಷೆಯಲ್ಲಿ ಹಳ್ಳಕ್ಕೆ ಹೆಸರಿರಲಿಲ್ಲ, ಒಂದು ನಂಬರಿತ್ತು. ಕೆರೆಯನ್ನು ಚುಕ್ಕೆಗೆರೆಯಲ್ಲಿ ಬರೆದು "ಬಳಕೆಯಿಲ್ಲದ ತಗ್ಗು" ಎಂದು ನಮೂದಿಸಿದ್ದರು. ಅದೇ ಹಳ್ಳದಲ್ಲಿ ಮರಳು ಜಾಲಿಸಿ ಬಂಗಾರದ ಹುಡಿ ತೆಗೆಯುತ್ತಿದ್ದ ನಮ್ಮ ಕಡೆಯ ಹೆಂಗಸರ ಹಿಂದೆ ಹಿಂದೆ ಹೋಗಿ, ನೆಲದೊಳಗೆ ಏನಿದೆ ಅಂತ ಮೊದಲ ದೊರೆಗಳು ತಿಳಿದುಕೊಂಡರು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಗಣಿಯವರು ಬೇಲಿ ಹಾಕಿದ ಮೇಲೆ ಮರಳು ಜಾಲಿಸುವುದು ಕಳ್ಳತನವಾಯಿತು. ಉಳಿದದ್ದು ನೀರು. ಈಗ ಅದರ ಸರದಿ.

ಆ ವರ್ಷ ಯುಗಾದಿಯಾದ ಮೇಲೆ ಒಂದು ಅಡ್ಡಮಳೆ ಹೊಯ್ದಿತು. ಅದಾಗಿ ಒಂದು ವಾರಕ್ಕೆ ಕೆರೆಯ ಅಂಚಿನಲ್ಲಿ ಐದು ದನ ಒಂದೇ ಬೆಳಿಗ್ಗೆ ಸತ್ತುಬಿದ್ದವು. ಗಣಿಯ ವಿಷದ ನೀರು ಅಂತ ಊರವರು ಅರ್ಜಿ ಕೊಟ್ಟರು. ಕಂಪನಿ ಇಲ್ಲ ಎಂದಿತು. ಎರಡು ವಾರದಲ್ಲಿ ಅಮಲ್ದಾರರ ವಿಚಾರಣೆ. ವಿಷ ಗಣಿಯದೆಂದು ರುಜುವಾತಾದರೆ ಹಳ್ಳ ಕಂಪನಿಗೆ ಹೋಗುವುದಿಲ್ಲ. ಆಗದಿದ್ದರೆ ಹೋಗುತ್ತದೆ. ಸರ್ಕಾರಿ ಪ್ರಯೋಗಶಾಲೆಯ ಸರ್ಟಿಫಿಕೇಟು ಬೇಕೆಂದು ಅಮಲ್ದಾರರು ಬೆಂಗಳೂರಿಗೆ ಬರೆದರು. ಆ ಕಾಗದ ಬಂದು ಬಿದ್ದದ್ದು ನಾನು ಸಹಾಯಕನಾಗಿದ್ದ ಕಚೇರಿಗೆ.

ನಮ್ಮ ಸಾಹೇಬರು ಕನ್ನಡಕ ಎತ್ತಿ ನನ್ನನ್ನೇ ನೋಡಿದರು. "ಇದು ನಿನ್ನ ಊರಲ್ಲವೇ? ಬೇಡ ಅನ್ನು, ಇನ್ನೊಬ್ಬರನ್ನು ಕಳಿಸುತ್ತೇನೆ."

"ನಾನೇ ಹೋಗುತ್ತೇನೆ ಸಾರ್."

"ಯಾಕೆ?"

ಬಿ.ಎಸ್ಸಿ. ಮಾಡಿದವನು ನಮ್ಮ ಕೇರಿಯಲ್ಲಿ ನನಗಿಂತ ಮುಂಚೆ ಒಬ್ಬನೂ ಇರಲಿಲ್ಲ. ಆ ಕೆರೆಯ ಏರಿಯ ಮೇಲೆ ಸೀಸೆಗಳ ಪೆಟ್ಟಿಗೆ ಹಿಡಿದು ನಡೆಯಬೇಕೆಂಬ ಆಸೆ ನನಗಿತ್ತು. ಅದನ್ನು ಹೇಳಲಿಲ್ಲ. "ದಾರಿ ಗೊತ್ತಿದೆ ಸಾರ್" ಅಂದೆ.

ಬೌರಿಂಗ್‌ಪೇಟೆ ಅಂತ ಇನ್ನೂ ಬೋರ್ಡಿದ್ದ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿ, ಗಣಿ ರೈಲು ಹತ್ತಿ, ಇಳಿದು ಎರಡು ಮೈಲಿ ನಡೆದೆ. ಕೋರಮಂಡಲ ಗಣಿಯ ಕಡೆಯಿಂದ ಬೀಸುವ ಗಾಳಿಗೆ ಕೆಸರುಗುಡ್ಡಗಳ ಬೂದಿ ಹಲ್ಲಿಗೆ ಸಿಗುತ್ತಿತ್ತು. ಸತ್ತ ದನಗಳ ಪೈಕಿ ಮೂರನ್ನು ಹೂಳಿದ್ದರು. ಎರಡಕ್ಕೆ ಪಟೇಲರು ಕಾವಲು ಹಾಕಿಸಿದ್ದರು. ಹೊಟ್ಟೆ ಕೊಯ್ಯಲು ನಾನೇ ಕೂತೆ. ಶಾನುಭೋಗರು ಉತ್ತರೀಯದಿಂದ ಮೂಗು ಮುಚ್ಚಿ ದೂರದಲ್ಲಿ ನಿಂತು, "ಓದಿಸಿದ್ದು ಇದಕ್ಕೇನೋ? ನಿಮ್ಮ ತಾತ ಓದದೆಯೇ ಚೆನ್ನಾಗಿ ಕೊಯ್ತಿದ್ದ" ಅಂದರು. ಸುತ್ತ ನಿಂತವರು ನಕ್ಕರು. ನಾನೂ ನಕ್ಕೆ. ಕೊಯ್ಯುವ ಕೈಗೆ ಸಿಟ್ಟು ಬರಬಾರದು.

ಹೊಟ್ಟೆಯೊಳಗಿನ ಮೇವನ್ನು ಒಂದು ಸೀಸೆಗೆ ತುಂಬಿ, ಪಿಕ್ರೇಟು ಹಚ್ಚಿದ ಹಳದಿ ಕಾಗದದ ಪಟ್ಟಿಯನ್ನು ಒಳಗೆ ಇಳಿಬಿಟ್ಟು ಬಿರಡೆ ಹಾಕಿದೆ. ಸಯನೈಡಿನ ಆವಿ ತಾಗಿದರೆ ಆ ಕಾಗದ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಕಾಲು ಗಂಟೆಯಲ್ಲಿ ತಿರುಗಿತು. ನೋಡುತ್ತಿದ್ದವರಲ್ಲಿ ಯಾರೋ "ಐತೆ ನೋಡ್ಲಾ, ಕೆಂಪಾತು!" ಎಂದು ಕೂಗಿದರು. ನನಗೂ ಕೂಗಬೇಕು ಅನ್ನಿಸಿತು.

ಆಗಲೇ ಕಂಪನಿಯ ಕೆಮಿಸ್ಟ್ ದೊರೆ ಸೈಕಲ್ಲಿನಲ್ಲಿ ಬಂದರು. ಹ್ಯಾಟು ತೆಗೆದು ಕಂಕುಳಲ್ಲಿಟ್ಟುಕೊಂಡು ಕಾಗದ ನೋಡಿದರು. ಕೆಟ್ಟ ಮನುಷ್ಯರಲ್ಲ. ಏರಿಯಾಚೆಗಿನ ಒಂದು ಹೊಲವನ್ನು ತೋರಿಸಿದರು. ಮೇವಿಗೆಂದು ಬಿತ್ತಿ ಕೊಯ್ದ ಜೋಳದ ಕೂಳೆ ಅಡ್ಡಮಳೆಗೆ ಮತ್ತೆ ಚಿಗುರಿ ಮೊಳಕಾಲುದ್ದ ನಿಂತಿತ್ತು.

"ಎಳೆ ಜೋಳದಲ್ಲೂ ಇದೇ ವಿಷ ಇರುತ್ತದೆ. ನಿಮ್ಮ ರೈತರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ನಮ್ಮ ದ್ರಾವಣ ನಮ್ಮ ಬೇಲಿ ದಾಟುವುದಿಲ್ಲ" ಅಂದರು. ಆಮೇಲೆ ಮೆತ್ತಗೆ, "ನೀವು ಇನ್ನೂ ಚಿಕ್ಕವರು. ಎರಡನ್ನೂ ಬೇರೆ ಮಾಡಿ ತೋರಿಸುವುದು ನಿಮ್ಮಿಂದ ಆಗುತ್ತದೆ ಅಂತ ನನಗನ್ನಿಸುವುದಿಲ್ಲ" ಅಂದರು.

ಜೋಳದ ಮಾತು ಸುಳ್ಳಲ್ಲ. ಕೂಳೆ ಚಿಗುರಿಗೆ ದನ ಬಿಡಬಾರದು ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆ ದನಗಳು ಅದನ್ನು ಮೇದಿದ್ದವೋ ಇಲ್ಲವೋ ಯಾರೂ ಆಣೆ ಮಾಡಿ ಹೇಳುವಂತಿರಲಿಲ್ಲ. ಹಾಗಾಗಿ ಹೊಟ್ಟೆಯ ಸಾಕ್ಷಿ ಸಾಲದು. ನೀರಿನ ಸಾಕ್ಷಿ ಬೇಕು.

ಕೆರೆಗೆ ಇಳಿದೆ. ನೀರೇ ಇರಲಿಲ್ಲ. ತೂಬಿನ ಬುಡದಲ್ಲಿ ಒಂದು ಮಡು ನಿಂತಿತ್ತು, ಸುತ್ತ ಬಿಸಿಲಿಗೆ ಒಣಗಿದ ಮೀನು. ಯುಗಾದಿಗೆ ನಾನು ಬಂದಿದ್ದಾಗ ಕಾಲುಭಾಗ ನೀರಿದ್ದದ್ದನ್ನು ಕಂಡಿದ್ದೆ.

"ನೀರೆಲ್ಲಿ ಹೋಯ್ತಪ್ಪ?"

ಅಪ್ಪ ತೂಬಿನ ಕಲ್ಲುಕಂಬ ಹಿಡಿದು ನಿಂತಿದ್ದ. ಕಣಕಾಲಿನ ಮೇಲೆ ಕೆಂಪಗೆ ತರಚಿದಂಥ ಹುಣ್ಣು. "ಬಿರಡೆ ಸಡಿಲಾಗಿತ್ತು. ಸೋರೋಯ್ತು."

"ಯಾವಾಗ?"

"ಮಳೆ ಬಂದ್ಮ್ಯಾಲೆ. ಇಷ್ಟಿಷ್ಟೇ."

"ಅತ್ತೆ ಊರಿನ ಕಡೆಗೆ ಹೋಗಿರಬೇಕಲ್ಲ? ಹೋಗಿ ನೋಡಿಬರ್ಲಾ?" ಅತ್ತೆ ಎಂದರೆ ಅಪ್ಪನ ತಂಗಿ. ಕಾಲುವೆಯ ಕೊನೆಯ ಹಳ್ಳಿಯಲ್ಲಿ ಒಬ್ಬಳೇ ಇರುತ್ತಿದ್ದಳು. ಎರಡು ಹಸು ಕಟ್ಟಿ, ಗಣಿ ಕೂಲಿಗಳ ಲೈನು ಮನೆಗಳಿಗೆ ಹಾಲು ಹಾಕಿ ಬದುಕುತ್ತಿದ್ದಳು.

"ಅವ್ಳು ಊರಾಗಿಲ್ಲ. ನೀನು ವಾಪಸ್ ಓಗು. ಇದು ನಿನ್ನ ಕೈಲಿ ಆಗಾಕಿಲ್ಲ" ಅಂದ ಅಪ್ಪ. ನನಗೆ ನೋವಾಯಿತು. ಆ ನೋವಿನಲ್ಲಿ ಮುಂದೇನೂ ಕೇಳಲಿಲ್ಲ.

ಮಡುವಿನ ನೀರನ್ನು ಮೂರು ಸೀಸೆಗೆ ತುಂಬಿ, ಅರಗು ಹಾಕಿ, ಬೆಂಗಳೂರಿಗೆ ಹೊತ್ತೆ. ಗಣಿ ರೈಲು ತಡವಾಗಿ, ಬೆಂಗಳೂರಿನ ಗಾಡಿ ತಪ್ಪಿ, ಪ್ರಯೋಗಶಾಲೆ ಮುಟ್ಟುವಾಗ ಎರಡು ದಿನವಾಗಿತ್ತು. ನೀರಿಗೆ ಕಬ್ಬಿಣದ ಲವಣ ಹಾಕಿ ಕಾಯಿಸಿ ಕೊನೆಗೆ ಆಮ್ಲ ಬಿಟ್ಟರೆ, ಸಯನೈಡು ಇದ್ದಲ್ಲಿ ದಟ್ಟ ನೀಲಿ ಬರಬೇಕು. ಮೂರು ಸೀಸೆಯಲ್ಲೂ ಬರಲಿಲ್ಲ. ಮತ್ತೆ ಮಾಡಿದೆ. ಬರಲಿಲ್ಲ.

ಸಾಹೇಬರು ಬಂದು ಪಕ್ಕದಲ್ಲಿ ನಿಂತರು. "ಸೀಸೆಗೆ ಕಾಸ್ಟಿಕ್ ಸೋಡಾ ಹಾಕಿದ್ದೆಯಾ?"

ಇಲ್ಲ. ಸಯನೈಡು ಕ್ಷಾರದ ನೀರಿನಲ್ಲಿ ಮಾತ್ರ ನಿಲ್ಲುತ್ತದೆ. ಬರಿ ನೀರಿನಲ್ಲಿ, ಬಿಸಿಲಿನಲ್ಲಿ, ಗಾಳಿಗೆ ಹಾರಿಹೋಗುತ್ತದೆ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಏರಿಯ ಮೇಲೆ ಪೆಟ್ಟಿಗೆ ಹಿಡಿದು ನಡೆಯುವ ಸಂಭ್ರಮದಲ್ಲಿ ಮರೆತಿದ್ದೆ.

"ಆ ಮಡು ನಾಲ್ಕು ದಿನ ಬಿಸಿಲು ಕುಡಿದಿದೆ. ಸೋಡಾ ಹಾಕಿದ್ದರೂ ಅದರಲ್ಲಿ ಏನೂ ಉಳಿದಿರುತ್ತಿರಲಿಲ್ಲವೇನೋ" ಅಂದರು ಸಾಹೇಬರು. ಸಮಾಧಾನಕ್ಕೆ ಹೇಳಿದರು. ಅದರಿಂದ ಇನ್ನೂ ಸಂಕಟವಾಯಿತು.

ಒಂದು ದಾರಿ ತೋರಿತು. ಗಣಿಯವರು ಸಯನೈಡು ದ್ರಾವಣದಿಂದ ಬಂಗಾರ ಬಿಡಿಸಲು ಸತುವಿನ ಚೂರು ಹಾಕುತ್ತಾರೆ. ಹೊರಬರುವ ನೀರಿನಲ್ಲಿ ಸತು ಕರಗಿರುತ್ತದೆ. ಜೋಳದ ಚಿಗುರಿನಲ್ಲಿ ಅಂಥ ಸತು ಎಲ್ಲಿಂದ ಬರಬೇಕು? ಸಯನೈಡೂ ಸತುವೂ ಒಂದೇ ನೀರಿನಲ್ಲಿ ಕೂಡಿ ಸಿಕ್ಕರೆ ಅದು ಗಣಿಯ ಬೇಲಿ ದಾಟಿ ಬಂದದ್ದು. ವಾಪಸು ಹೋಗಿ ಕೆರೆಯ ಕೆಸರು ತಂದೆ. ಸತು ಸಿಕ್ಕಿತು. ಸಾಹೇಬರು ತಲೆಯಾಡಿಸಿದರು. "ಗುಡ್ಡದ ಬೂದಿ ಇಪ್ಪತ್ತು ವರ್ಷದಿಂದ ಗಾಳಿಗೆ ಹಾರಿ ಕೆರೆಗೆ ಬೀಳುತ್ತಿದೆ ಅಂತ ಕಂಪನಿಯವರು ಅನ್ನುತ್ತಾರೆ. ದನ ಸತ್ತ ದಿನದ ನೀರು ಬೇಕಪ್ಪ. ಆ ದಿನದ್ದು."

ಆ ದಿನದ ನೀರು ಎಂಟು ದಿನದ ಹಿಂದೆ ಹರಿದುಹೋಗಿತ್ತು. ವಿಚಾರಣೆಗೆ ಐದು ದಿನ ಉಳಿದಿತ್ತು.

ಕಾಲುವೆಗುಂಟ ಎಲ್ಲಾದರೂ ನೆರಳಿನಲ್ಲಿ ಒಂದು ಗುಂಡಿ ನೀರು ನಿಂತಿರಬಹುದೆಂದು ಮತ್ತೆ ಗಣಿ ರೈಲು ಹತ್ತಿದೆ. ಈ ಸಲ ಪೆಟ್ಟಿಗೆಯಲ್ಲಿ ಸೋಡಾ ಇತ್ತು. ನಮ್ಮ ಮನೆಗೆ ಹೋಗದೆ ಏರಿಯ ಕೆಳಗಿಂದ ಕಾಲುವೆ ಹಿಡಿದು ನಡೆದೆ. ಮೊದಲೆಲ್ಲ ಹೂಳು ತುಂಬಿ, ನೀರು ಕೆಳಗಿನ ಹಳ್ಳಿ ಮುಟ್ಟಲು ಒಂದು ಹಗಲು ಬೇಕಾಗುತ್ತಿತ್ತು. ಆ ವರ್ಷ ಊರವರು ಹೂಳೆತ್ತಿದ್ದರು. ಕಾಲುವೆ ನುಣ್ಣಗಿತ್ತು, ಉದ್ದಕ್ಕೂ ಒಣಗಿತ್ತು. ಒಂದು ಬೊಗಸೆ ನೀರು ಸಿಗಲಿಲ್ಲ.

ಕೊನೆಯಲ್ಲಿ ಅತ್ತೆಯ ಮನೆ. ಅತ್ತೆ ಊರಲ್ಲೇ ಇದ್ದಳು. ಗೋಡೆಗೆ ಸುಣ್ಣ ಬಳಿಯುತ್ತ ಏಣಿಯ ಮೇಲಿದ್ದಳು.

"ಯಾವಾಗ ಬಂದೆ ಅತ್ತೆ?"

"ಎಲ್ಲಿಂದ್ಲಾ ಬರ್ಲಿ? ನಾನೆಲ್ಲಿಗೆ ಓಗಿದ್ದೆ?" ಇಳಿದು ಬಂದು, ಸುಣ್ಣದ ಕೈಯನ್ನು ಸೀರೆಗೆ ಒರೆಸಿದಳು. "ಈಗ ಬಂದ್ಯಾ? ನನ್ನ ಅಸು ಸತ್ತು ಹತ್ತು ದಿನ ಆತು. ಬೆಂಗ್ಳೂರಿಂದ ಸೀಸೆ ತಂದವ್ನೆ, ಊರ ದನ ಎಲ್ಲಾ ಕುಯ್ದವ್ನೆ, ನನ್ನ ಮನೆ ಕಡೀಗೆ ತಲೆ ಆಕಿಲ್ಲ ಅಂತ ಬೈಕೊಂತಿದ್ದೆ."

ಕೊಟ್ಟಿಗೆ ನೋಡಿದೆ. ಎರಡೂ ಗೂಟ ಖಾಲಿ.

"ಅರ್ಜಿಯಲ್ಲಿ ನಿನ್ನ ಹಸು ಇಲ್ಲವಲ್ಲ ಅತ್ತೆ?"

"ನಿಮ್ಮಪ್ಪಂಗೆ ಅವತ್ತೇ ಯೋಳ್ದೆ. ನಾನು ಬರೆಸ್ತೀನಿ ಸುಮ್ಕಿರು ಅಂದ. ಬರೆಸಿಲ್ವಾ?"

"ಜೋಳದ ಹೊಲಕ್ಕೆ ಬಿಟ್ಟಿದ್ದೆಯಾ?"

"ಬುದ್ಧಿ ಐತೇನ್ಲಾ ನಿನಗೆ? ಅದು ಎರಡು ಮೈಲಿ. ಕಟ್ಟಿದ್ದಲ್ಲೇ ರಾಗಿ ಉಲ್ಲು ತಿಂದ್ಕೊಂಡಿದ್ವು. ಮದ್ಯಾನ ಕಾಲುವೆಗೆ ನೀರು ಬಂತು. ಬ್ಯಾಸ್ಗೇಲಿ ನೀರು! ತೂಬು ಸೋರ್ತೈತೆ, ನನ್ನ ಪುಣ್ಯ ಅಂದ್ಕೊಂಡು ಇಡ್ಕೊಂಡೋಗಿ ಕುಡಿಸ್ದೆ. ಇನ್ನೂ ತಲೆ ಎತ್ತಿರ್ಲಿಲ್ಲ, ಮಂಡಿ ಊರಿದ್ವು. ಮೂಗ್ನಾಗೆ ಬಂದ ನೆತ್ತರು ಕುಂಕುಮದಂಗಿತ್ತು ಕಣ್ಲಾ." ಏಣಿಯ ಬುಡಕ್ಕೆ ಕೈ ತೋರಿಸಿ, "ಅವತ್ತು ಆ ನೀರ್ನೇ ನಾಕು ಬಿಂದಿಗೆ ತಂದು ಸುಣ್ಣಕ್ಕೂ ಉಯ್ದಿದ್ದೆ. ಮನ್ಸಿಲ್ದೆ ಇಷ್ಟು ದಿನ ಅಂಗೇ ಮುಚ್ಚಿಟ್ಟಿದ್ದೆ. ಇವತ್ತು ತೆಗ್ದೆ" ಅಂದಳು.

ಏಣಿಯ ಬುಡದಲ್ಲಿ ಮಣ್ಣಿನ ಬಾನಿ ಇತ್ತು. ಅರ್ಧದಷ್ಟು ಸುಣ್ಣ ಕೆಳಗೆ ಕೂತು, ಮೇಲೆ ನಾಲ್ಕು ಬೆರಳು ತಿಳಿನೀರು. ಪಕ್ಕದಲ್ಲಿ ಮುಚ್ಚಿದ್ದ ಚಾಪೆ.

ಸುಣ್ಣ ಎಂದರೆ ಕ್ಷಾರ. ನನ್ನ ಮೂರು ಸೀಸೆಯಲ್ಲಿ ನಾನು ಮಾಡದ ಕೆಲಸವನ್ನು ಅತ್ತೆ ಅದೇ ದಿನ, ಅದೇ ನೀರಿಗೆ, ಗೊತ್ತಿಲ್ಲದೆ ಮಾಡಿದ್ದಳು. ಬಿಸಿಲು ತಾಗದ ಹಾಗೆ ಚಾಪೆಯನ್ನೂ ಮುಚ್ಚಿದ್ದಳು.

ಮೊದಲು ತಲೆಗೆ ಬಂದದ್ದು ಬಾನಿ. ಎರಡನೆಯದು, ಮಧ್ಯಾಹ್ನ ಕಾಲುವೆ ತುಂಬ ಹರಿದು ಬರುವ ನೀರು ಬಿರಡೆ ಸೋರಿದ ನೀರಲ್ಲ ಎಂಬುದು. ಯಾರೋ ತೂಬು ಪೂರ್ತಿ ತೆಗೆದಿದ್ದರು. ಆ ಬಿರಡೆಗೆ ಕೈ ಹಾಕುವವನು ಊರಲ್ಲಿ ಒಬ್ಬನೇ.

ತಿಳಿನೀರನ್ನು ಎರಡು ಸೀಸೆಗೆ ತುಂಬಿದೆ. ಅವಳ ಮನೆಯಲ್ಲಿ ಉಳಿದಿದ್ದ ಒಣ ಸುಣ್ಣದ ಗಟ್ಟಿಯನ್ನೂ ಬಾವಿಯ ನೀರನ್ನೂ ಬೇರೆ ಕಟ್ಟಿಕೊಂಡೆ. ಸತು ಸುಣ್ಣದಲ್ಲೇ ಇತ್ತು, ಬಾವಿಯಲ್ಲೇ ಇತ್ತು ಅಂತ ನಾಳೆ ಯಾರೂ ಹೇಳಬಾರದು. ಅತ್ತೆ ಸೀಸೆಯ ಬಿರಡೆ ಹಿಡಿದುಕೊಂಡು ನಿಂತು, "ಸುಣ್ಣದ ನೀರ್ನೂ ಸರ್ಕಾರದೋರು ಕುಡೀತಾರಾ?" ಅಂದಳು. ನಾನು ನಗಲಿಲ್ಲ.

ಅಪ್ಪ ಏರಿಯ ಮೇಲೆ ಬೇವಿನ ಮರದಡಿ ಕೂತಿದ್ದ. ಕೆರೆಯಲ್ಲಿ ನೀರಿಲ್ಲದಿದ್ದರೂ ಅವನು ಕೂರುವುದು ಅಲ್ಲೇ.

"ಅತ್ತೆ ಮನೆಯಿಂದ ಬಂದೆ" ಅಂದೆ.

ಯಾರೂ ಕೇಳದೆಯೇ ಅವನು ಹೇಳತೊಡಗಿದ. ಅವತ್ತು ಬೆಳಗಾಗುವ ಹೊತ್ತಿಗೆ ಬಂದಾಗ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕಪ್ಪೆ ಕೂಗಿರಲಿಲ್ಲ. ಹಳ್ಳದ ಕಡೆಯಿಂದ ಬೂದು ನೀರಿನ ಒಂದು ಪಟ್ಟೆ ಕೆರೆಯೊಳಕ್ಕೆ ಇಳಿದಿತ್ತು. ಐದು ದನ ಬಿದ್ದಿದ್ದವು. ಇನ್ನೊಂದು ಹಿಂಡು ಏರಿ ಹತ್ತಿ ನೀರಿನ ಕಡೆಗೇ ಬರುತ್ತಿತ್ತು.

"ಕೆಟ್ಟ ನೀರು ಕೆರೇಲಿ ನಿಲ್ಲಬಾರ್ದು. ಅದು ನೀರುಗಂಟಿ ಧರ್ಮ. ನಮ್ಮಪ್ಪ ಯೋಳ್ಕೊಟ್ಟಿದ್ದು, ಅವರಪ್ಪ ಅವರಿಗೆ ಯೋಳ್ಕೊಟ್ಟಿದ್ದು. ಕೊಳೆತ ನೀರು ಅರೀಲಿ ಬುಡು, ಅರಿಯೋ ನೀರಿಗೆ ಮೈಲಿಗೆ ಇಲ್ಲ, ಮರಳಾಗೆ ಇಳ್ದು ಸೋಸೋಯ್ತದೆ ಅಂತ. ಸೊಂಟದಗಂಟ ಇಳ್ದು ಬಿರಡೆ ಕಿತ್ತೆ. ಆ ಇಂಡು ಉಳೀತು. ಕಾಲುವೆ ಊಳೆತ್ತಿರೋದು ಮರ್ತೋಯ್ತು ಕಣ್ಲಾ. ಮರಳು ಎಲ್ಲಿತ್ತು? ಒಂದೇ ಓಟಕ್ಕೆ ಅಲ್ಲೀಗಂಟ ಓಯ್ತು."

ಕೊಳೆತ ಎಲೆ, ಕೆಟ್ಟ ಪಾಚಿ, ಸತ್ತ ಎಮ್ಮೆ, ಇಂಥದ್ದಕ್ಕೆ ಆ ಧರ್ಮ ಸರಿಯಾಗಿಯೇ ಇತ್ತು. ನೂರಾರು ವರ್ಷ ಅದು ಕೆರೆ ಕಾಪಾಡಿತ್ತು. ಅರೆದು ಕರಗಿಸಿದ ವಿಷ ಹಳ್ಳದಲ್ಲಿ ಬರುತ್ತದೆ ಎಂದು ಅದನ್ನು ಕಟ್ಟಿದವರು ಕನಸಿನಲ್ಲೂ ನೆನೆದಿರಲಿಲ್ಲ.

"ಅತ್ತೆಗೆ ಹೇಳಿದೆಯಾ?"

"ಎಂಗೆ ಯೋಳ್ಲಿ? ಗಂಡ ಇಲ್ಲ, ಮಕ್ಳಿಲ್ಲ. ಆ ಎರಡು ಅಸು ಇತ್ತು." ಅವನು ಕಣಕಾಲು ಉಜ್ಜಿಕೊಂಡ. "ಕಂಪನಿಯೋರು ಕೊಂದ್ರು ಅಂತ ಅವ್ಳು ತಿಳ್ಕೊಂಡವ್ಳೆ. ಅದು ಸುಳ್ಳೇನ್ಲಾ?"

ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಆ ಬಾನಿಯ ನೀರು ನಮ್ಮ ಕೆರೆಯದೇ ಎಂದು ನಂಬಬೇಕಾದರೆ, ಅದು ಅಲ್ಲಿಗೆ ಹೇಗೆ ಹೋಯಿತು, ಯಾವ ಹೊತ್ತಿಗೆ ಹೋಯಿತು, ಯಾರು ಬಿಟ್ಟರು ಎಂದು ಬರೆಯಬೇಕು. ಅಪ್ಪನ ಹೆಸರಿಲ್ಲದೆ ಸರ್ಟಿಫಿಕೇಟು ನಿಲ್ಲುವುದಿಲ್ಲ. ಹೆಸರು ಬರೆದರೆ ತೂಬು ಅವನ ಕೈಯಲ್ಲಿ ನಿಲ್ಲುವುದಿಲ್ಲ. ಅಪ್ಪಣೆಯಿಲ್ಲದೆ ನೀರು ಬಿಟ್ಟ ನೀರುಗಂಟಿಯನ್ನು ಅಮಲ್ದಾರರು ಉಳಿಸುವುದಿಲ್ಲ. ಇದನ್ನೆಲ್ಲ ಅಪ್ಪನಿಗೆ ಬಿಡಿಸಿ ಹೇಳಿದೆ.

"ಬರೀದಿದ್ರೆ?" ಅಂದ.

"ಜೋಳ ತಿಂದು ಸತ್ತವು ಅಂತ ಆಗುತ್ತೆ. ಹಳ್ಳ ಹೋಗುತ್ತೆ, ಕೆರೆ ಹೋಗುತ್ತೆ."

"ಕೆರೆ ಓದ್ಮ್ಯಾಲೆ ನೀರುಗಂಟಿ ಯಾತಕ್ಕೆ? ಬರಿ." ಎದ್ದು ನಾಲ್ಕು ಹೆಜ್ಜೆ ಹೋದವನು ತಿರುಗಿದ. "ಅವ್ಳಿಗೆ ಮಾತ್ರ ನೀನು ಯೋಳ್ಬೇಡ. ನಾನೇ ಯೋಳ್ತೀನಿ."

ಬೆಂಗಳೂರಿನಲ್ಲಿ ಕಿಟಕಿ ತೆರೆದು ಕೆಲಸಕ್ಕೆ ನಿಂತೆ. ಸುಣ್ಣದ ತಿಳಿಯನ್ನು ಸೋಸಿ, ಕಬ್ಬಿಣದ ಲವಣ ಹಾಕಿ ಕಾಯಿಸಿ, ಆರಿಸಿ, ಆಮ್ಲವನ್ನು ತೊಟ್ಟುತೊಟ್ಟಾಗಿ ಬಿಟ್ಟೆ. ಕೊಳಕು ಹಸಿರು ಬಂತು. ಇನ್ನೆರಡು ತೊಟ್ಟು. ಹಸಿರು ಕರಗಿ, ಅಡಿಯಿಂದ ನೀಲಿ ಎದ್ದಿತು. ಇನ್ನೊಂದು ಪಾಲನ್ನು ಆಮ್ಲದಲ್ಲಿ ಕುದಿಸಿ ಸಯನೈಡನ್ನೆಲ್ಲ ಓಡಿಸಿ ಸತುವಿಗೆ ಹುಡುಕಿದೆ. ಬಿಳಿ ಗಸಿ ಕೂತಿತು. ಒಣ ಸುಣ್ಣವನ್ನು ಬಾವಿಯ ನೀರಿನಲ್ಲಿ ಅರಳಿಸಿ ಅದಕ್ಕೂ ಎರಡೂ ಪರೀಕ್ಷೆ ಮಾಡಿದೆ. ನೀಲಿಯೂ ಇಲ್ಲ, ಬಿಳಿಯೂ ಇಲ್ಲ. ಎಲ್ಲವನ್ನೂ ಸಾಹೇಬರ ಕಣ್ಣೆದುರು ಇನ್ನೊಮ್ಮೆ ಮಾಡಿದೆ. ಈ ಸಲ ನನಗೆ ಕೂಗಬೇಕು ಅನ್ನಿಸಲಿಲ್ಲ.

ಕರಡು ಓದಿದ ಸಾಹೇಬರು ನಾಲ್ಕನೆಯ ಸಾಲಿಗೆ ನಿಂತರು. "'ನೀರುಗಂಟಿ' ಅಂದರೆ ಸಾಕಲ್ಲ, ಹೆಸರು ಬೇಕೇ?"

"ಕಂಪನಿಯವರು ಯಾವ ನೀರುಗಂಟಿ ಅಂತ ಕೇಳುತ್ತಾರೆ ಸಾರ್. ಕೇಳುವ ಮುಂಚೆ ನಾವೇ ಹೇಳಿದರೆ ಒಳ್ಳೆಯದು."

"ಹೆಸರು ನಿನ್ನ ತಂದೆಯದೇ?"

"ಹೌದು ಸಾರ್. ಅದನ್ನೂ ಕೆಳಗೆ ಬರೆದಿದ್ದೇನೆ."

ಸಾಹೇಬರು ಪರೀಕ್ಷೆ ತಮ್ಮೆದುರು ನಡೆಯಿತೆಂದು ಒಂದು ಸಾಲು ಸೇರಿಸಿ ತಮ್ಮ ರುಜು ಹಾಕಿದರು. ಕಾಗದ ನನ್ನ ಕಡೆಗೆ ತಳ್ಳಿ, ಪರೀಕ್ಷೆ ಮಾಡಿದವನ ಜಾಗ ತೋರಿಸಿದರು. ನಾನು ರುಜು ಹಾಕಿದೆ.

ವಿಚಾರಣೆಯ ದಿನ ಬೌರಿಂಗ್‌ಪೇಟೆ ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಊರಿಗೆ ಊರೇ ಇತ್ತು. ನನಗಿಂತ ಮುಂಚೆ ಅಪ್ಪ, ಅತ್ತೆ ಬಂದಿದ್ದರು. ಜಗಲಿಯ ಆ ತುದಿಗೊಬ್ಬರು, ಈ ತುದಿಗೊಬ್ಬರು. ಅಪ್ಪನ ಮುಖ ನೋಡಿದೊಡನೆ ಅವನು ಇನ್ನೂ ಹೇಳಿಲ್ಲ ಎಂದು ತಿಳಿಯಿತು.

ಒಳಗೆ ಗುಮಾಸ್ತ ಕೈ ಚಾಚದೆ ಮೇಜಿನ ಮೂಲೆ ತೋರಿಸಿದ, ಅಲ್ಲಿಡು ಅಂತ. ಅಮಲ್ದಾರರು ಅದನ್ನು ಕಂಡರು. "ಇಲ್ಲಿ ಕೊಡಿ" ಎಂದು ತಾವೇ ಕೈ ಚಾಚಿದರು. ಸರ್ಟಿಫಿಕೇಟನ್ನು ಅವರ ಕೈಗೇ ಕೊಟ್ಟೆ. ಎರಡು ಸಲ ಓದಿ, ಕೆಮಿಸ್ಟ್ ದೊರೆಗೆ ದಾಟಿಸಿದರು. ದೊರೆ ಸತುವಿನ ಸಾಲಿನ ಕೆಳಗೆ ಬೆರಳಿಟ್ಟು ಓದಿದರು. "ಅಡ್ಡಮಳೆಗೆ ನಮ್ಮ ಕಟ್ಟೆ ಎಲ್ಲಾದರೂ ಜಾರಿತ್ತೇ ಎಂದು ನಾನು ವಿಚಾರಿಸಬೇಕಿತ್ತು" ಅಂದರು. ಅಷ್ಟೇ ಅಂದರು. ಶಾನುಭೋಗರು ನಡುವೆ ಬಾಯಿ ಹಾಕಿ, ಮಗನೇ ಬರೆದ ಕಾಗದ, ಅಪ್ಪನೇ ಸಾಕ್ಷಿ, ಇದು ಹೇಗೆ ನಿಲ್ಲುತ್ತದೆ ಸ್ವಾಮಿ ಎಂದರು. "ಅಪ್ಪನನ್ನು ಉಳಿಸೋಕೆ ಬರೆದ ಹಾಗೆ ಕಾಣುತ್ತದೇನ್ರೀ ನಿಮಗೆ?" ಎಂದರು ಅಮಲ್ದಾರರು.

ಅಪ್ಪನನ್ನು ಕರೆಸಿ ಕೇಳಿದರು. ಹೌದು ಸ್ವಾಮಿ, ನಾನೇ ಕಿತ್ತೆ ಎಂದ. ಹೆಬ್ಬೆಟ್ಟು ಒತ್ತಿದ. ಹಳ್ಳ, ಕೆರೆ ಕಂಪನಿಗಿಲ್ಲ, ಕಂಪನಿ ತನ್ನ ಕಟ್ಟೆ ಎತ್ತರಿಸಬೇಕು ಎಂದು ಅಮಲ್ದಾರರು ಬರೆಸಿದರು. ಅದೇ ಉಸಿರಿನಲ್ಲಿ, ಮುಂದಿನ ಹುಕುಮಿನವರೆಗೆ ಈ ನೀರುಗಂಟಿ ತೂಬು ಮುಟ್ಟಕೂಡದು ಎಂದೂ ಬರೆಸಿದರು. ಮುಂದಿನ ಹುಕುಂ ಬರಲೇ ಇಲ್ಲ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ.

ಹೊರಗೆ ಬಂದಾಗ ಊರವರು ನನ್ನನ್ನು ಸುತ್ತಿಕೊಂಡರು. ಅವರನ್ನು ಸರಿಸಿಕೊಂಡು ಅತ್ತೆ ಬಂದಳು. "ಅದ್ರಾಗೆ ಏನ್ ಬರ್ದಿದ್ಯೋ ನನಗೆ ಓದು. ನನ್ನ ಬಾನಿ ಐತಂತೆ, ನನ್ನ ಅಸು ಐತಂತೆ. ಓದು."

ನಾನು ಅಪ್ಪನ ಕಡೆ ನೋಡಿದೆ. ಅವನು ಮೆಟ್ಟಿಲ ಮೇಲೆ ಕೂತು ತಲೆಯನ್ನು ಮಂಡಿಗಳ ನಡುವೆ ಇಳಿಸಿದ್ದ. ಬೇಡ ಅನ್ನಲಿಲ್ಲ. ನನ್ನ ಬಳಿಯಿದ್ದ ನಕಲು ತೆಗೆದು ಇಂಗ್ಲಿಷನ್ನು ಕನ್ನಡ ಮಾಡಿಕೊಂಡು ಸಾಲುಸಾಲಾಗಿ ಓದಿದೆ. ಗಣಿಯಿಂದ ಹೊರಬಿದ್ದ ನೀರು ಹಳ್ಳದಿಂದ ಕೆರೆ ಸೇರಿತು ಎಂದು ಓದಿದೆ. ಬೆಳಿಗ್ಗೆ ಇಂಥವನು ತೂಬು ತೆಗೆದನು, ಆ ನೀರು ಕಾಲುವೆಯಲ್ಲಿ ಹರಿದು ಇಂಥ ಹಳ್ಳಿ ಮುಟ್ಟಿತು, ಅದನ್ನು ಕುಡಿದು ಎರಡು ಹಸು ಸತ್ತವು ಎಂದು ಓದಿದೆ.

ಮುಗಿಸಿ ಕಾಗದ ಮಡಿಸಿದೆ. ಅತ್ತೆ ಅಳಲಿಲ್ಲ. ನನ್ನ ಕೈಯಲ್ಲಿದ್ದ ಮಡಿಸಿದ ಕಾಗದವನ್ನು ನೋಡಿದಳು, ಮೆಟ್ಟಿಲ ಮೇಲಿದ್ದ ಅಣ್ಣನನ್ನು ನೋಡಿದಳು.

"ಕಂಪನಿಯೋರು ಬಿಟ್ರು ಅಂಬೋದ್ನ ಗಟ್ಟಿಯಾಗಿ ಓದ್ದೆ. ನಿಮ್ಮಪ್ಪ ಬಿಟ್ಟ ಅಂಬೋದ್ನ ಗಂಟ್ಲಾಗೇ ಓದ್ದೆ" ಅಂದಳು. "ಕಾಗದ ಬಿಚ್ಚು. ಆ ಸಾಲು ಇನ್ನೊಂದ್ಸಲ ಓದ್ಲಾ. ನಮ್ಮಣ್ಣ ತಲೆ ಎತ್ಲಿ, ಆಮ್ಯಾಕೆ ಓದು."